ಲ ಎತ್ವ ಲೆ

ಸೋಮವಾರ ಸಂಜೆ ಏಳು ಗಂಟೆಗೆ ಇನ್ನೂ ಹತ್ತು ನಿಮಿಷವಿರುವಾಗ, ನಾಳೆ ಶಾಲೆಗಳಿಗೆ ಮಳೆ ರಜೆ ಎಂಬ ಸುದ್ದಿ ಬಂತು. ಉಡುಪಿ ಜಿಲ್ಲೆಯ ಅಷ್ಟೂ ಮಕ್ಕಳು ಕುಣಿದಾಡಿದರು. ಕಾರ್ಕಳದವರು ಕುಣಿದರು, ಕಾಪುವಿನವರು ಕುಣಿದರು, ಮಣಿಪಾಲದ ಫ್ಲಾಟುಗಳ ಮಕ್ಕಳು ಲಿಫ್ಟಿನೊಳಗೇ ಕುಣಿದು ಬೈಸಿಕೊಂಡರು. ಇಡೀ ಜಿಲ್ಲೆಯಲ್ಲಿ ಒಬ್ಬಳೇ ಒಬ್ಬಳು ಮಾತ್ರ ಅಪ್ಪನ ಮೊಬೈಲನ್ನು ಚಾಪೆಯ ಮೇಲೆ ಕುಕ್ಕಿ, "ಈ ಮಳೀಗೆ ಬ್ಯಾರೆ ಕೆಲಸ ಇಲ್ಲೇನು?" ಎಂದು ಗುಡುಗಿದಳು.

ಅವಳು ಮಹಾಲಕ್ಷ್ಮಿ. ಆರನೇ ಕ್ಲಾಸು. ಕಳೆದ ತಿಂಗಳ ತನಕ ಕುಷ್ಟಗಿ ಕಡೆಯ ಹಳ್ಳಿಯಲ್ಲಿ ದೊಡ್ಡಮ್ಮನ ಮನೆಯಲ್ಲಿದ್ದು ಓದಿದವಳು. ಅಪ್ಪ ಮಾನಪ್ಪ, ಅವ್ವ ಯಂಕವ್ವ ಇಬ್ಬರೂ ಆರು ವರ್ಷದಿಂದ ಉಡುಪಿಯಲ್ಲಿ ಕಟ್ಟಡದ ಕೆಲಸ ಮಾಡುವವರು. ಈ ಜೂನ್‌ನಲ್ಲಿ ಮಗಳನ್ನೂ ಕರೆಸಿಕೊಂಡಿದ್ದರು. ಈಗ ಅವರ ವಾಸ ಕಡಿಯಾಳಿಯಲ್ಲಿ ಏಳುತ್ತಿರುವ ಒಂದು ಅಪಾರ್ಟ್‌ಮೆಂಟಿನ ನೆಲಮಹಡಿಯ ಕೋಣೆಯಲ್ಲಿ. ಕೋಣೆಗೆ ಛಾವಣಿ ಇತ್ತು, ಗೋಡೆ ಇತ್ತು. ಸಾರಣೆ ಮತ್ತು ಬಾಗಿಲು ಇನ್ನೂ ಬರಬೇಕಾಗಿತ್ತು. ಬಾಗಿಲಿನ ಜಾಗದಲ್ಲಿ ನೀಲಿ ಟಾರ್ಪಾಲು ನೇತಾಡುತ್ತಿತ್ತು.

ರಜೆ ಬಂದರೆ ಸಿಟ್ಟೇಕೆ ಎಂದರೆ, ಅದಕ್ಕೆ ಕಾರಣ ತುಳು. ಶಾಲೆಯಲ್ಲಿ ಆರನೇ ಕ್ಲಾಸಿಗೆ ಮೂರನೆಯ ಭಾಷೆ ಆರಿಸಿಕೊಳ್ಳಬೇಕು, ಹಿಂದಿ ಇಲ್ಲವೇ ತುಳು. ಹೆಡ್‌ಮಾಸ್ಟರು, "ನೀನು ಹಿಂದಿ ತೆಗೆದುಕೋ ಮಗೂ, ತುಳು ನಿನಗೆ ಮನೆಯಲ್ಲಿ ಹೇಳಿಕೊಡುವವರು ಯಾರು?" ಎಂದಿದ್ದರು. ಒಳ್ಳೆಯ ಮಾತೇ. ಆದರೆ ಮಹಾಲಕ್ಷ್ಮಿ ಒಳ್ಳೆಯ ಮಾತು ಕೇಳುವ ಜಾತಿಯಲ್ಲ. ಮಧ್ಯಾಹ್ನ ಊಟಕ್ಕೆ ಕುಳಿತಾಗ ಪ್ರಣೀತಾ, ಭವ್ಯಶ್ರೀ ಮತ್ತವರ ಗುಂಪು ತುಳುವಿನಲ್ಲಿ ಏನೋ ಹೇಳಿಕೊಂಡು, ಅನ್ನ ನೆತ್ತಿಗೇರುವಷ್ಟು ನಗುತ್ತಿತ್ತು. ಅವಳನ್ನು ಕಂಡರೆ ಕೂಡಲೇ ಕನ್ನಡಕ್ಕೆ ಬಂದು, "ನಿನಗೆ ಸಾಂಬಾರು ಬೇಕಾ?" ಎಂದು ಕೇಳುತ್ತಿತ್ತು. ಅವಳಿಗೆ ಸಾಂಬಾರು ಬೇಕಾಗಿರಲಿಲ್ಲ. ನಕ್ಕದ್ದು ಯಾಕೆ ಎಂದು ಗೊತ್ತಾಗಬೇಕಿತ್ತು. ತನ್ನನ್ನು ನೋಡಿಯೇ ನಕ್ಕರೋ, ಬೇರೆ ಏನಕ್ಕೋ? ಅದಕ್ಕಾಗಿ ಹಟ ಹಿಡಿದು ತುಳು ಕ್ಲಾಸಿನಲ್ಲಿ ಹೋಗಿ ಕುಳಿತಳು.

ತುಳು ಕಲಿಸುವ ಜಿತೇಂದ್ರ ಸರ್ ಕಾರ್ಕಳದಿಂದ ಸೋಮವಾರ ಮಾತ್ರ ಬರುವವರು. ಅವತ್ತು ಬೆಳಿಗ್ಗೆ ಅವರು ಅವಳ ಕಡೆಗೆ ತಿರುಗಿ, "ಮುಂದಿನ ಸೋಮವಾರ ನಿನಗೆ ಒಂದು ಸಣ್ಣ ಪರೀಕ್ಷೆ ಉಂಟು. ಮನೆಗೆ ಬಂದ ನೆಂಟರನ್ನು ತುಳುವಿನಲ್ಲಿ ಮಾತಾಡಿಸಬೇಕು, ಅಷ್ಟೇ. ಆಯಿತಾದರೆ ನೀನು ನನ್ನ ಕ್ಲಾಸು. ಆಗದಿದ್ದರೆ ಬೇಸರ ಬೇಡ, ಹಿಂದಿಗೆ ಹೋಗು. ಫಾರ್ಮಿಗೆ ಸಹಿ ಹಾಕಲಿಕ್ಕೆ ತಂದೆಯನ್ನೂ ಕರೆದುಕೊಂಡು ಬಾ" ಎಂದಿದ್ದರು. ಪ್ರಣೀತಾ ಅವಳ ಕೈ ಚಿವುಟಿ, "ಹೆದರಬೇಡ ಮಾರಾಯ್ತಿ, ದಿನಾ ಊಟದ ಹೊತ್ತಿಗೆ ನಾನು ಹೇಳಿಕೊಡ್ತೇನೆ" ಎಂದು ಭರವಸೆ ಕೊಟ್ಟಿದ್ದಳು.

ಸಂಜೆಗೆ ರಜೆ ಬಂತು. ಪ್ರಣೀತಾ ರಾತ್ರಿಯೂಟಕ್ಕೆ ಮೊದಲೇ ಕಾಪುವಿನ ಅಜ್ಜಿಮನೆಗೆ ಹಾರಿಹೋದಳು. ಈಗ ತುಳು ಹೇಳಿಕೊಡುವವರು ಯಾರು?

"ಯಾಕ ಅಷ್ಟು ಸಿಡಿಮಿಡಿ ಮಾಡ್ತಿ?" ಎಂದ ಮಾನಪ್ಪ. "ತುಳು ತಾನ? ನನಗ ಬರತೈತಲ್ಲ!"

ಮಹಾಲಕ್ಷ್ಮಿ ಅಪ್ಪನನ್ನು ಹೊಸಬನನ್ನು ನೋಡಿದ ಹಾಗೆ ನೋಡಿದಳು. "ಖರೇನ?"

"ಮತ್ತ! ಆರು ವರ್ಷ ಆತು ನಾ ಇಲ್ಲಿ ಬಂದು. ಬರ್ಕೋ."

ಅವಳು ಹೊಸ ನೋಟುಬುಕ್ಕು ತೆಗೆದಳು. ಮೊದಲ ಪುಟದಲ್ಲಿ ಕೆಂಪು ಶಾಯಿಯಲ್ಲಿ 'ತುಳು' ಎಂದು ಬರೆದು ಎರಡು ಗೆರೆ ಎಳೆದಳು. ಮಾನಪ್ಪ ಗೋಡೆಗೆ ಒರಗಿ, ಕಣ್ಣು ಮುಚ್ಚಿ, ಒಂದೊಂದೇ ಶಬ್ದವನ್ನು ನೆನಪಿನಿಂದ ಎಳೆದು ತೆಗೆದ. ಬಲ ಅಂದರೆ ಬಾ. ಪೋಲ, ಹೋಗು. ಕನಲ, ತಗೊಂಡು ಬಾ. ದೆರ್ಪುಲ, ಎತ್ತು. ದೀಲ, ಇಡು. ಪತ್ತುಲ, ಹಿಡಿ. ಉಂತುಲ, ನಿಲ್ಲು. ತೂಲ, ನೋಡು. ಒಯ್ಪುಲ ಅಂದರೆ ಹಗ್ಗ ಎಳೆ. ನೀರಿಗೆ ನೀರ್, ಕಲ್ಲಿಗೆ ಕಲ್ಲ್, ಮರಳಿಗೆ ಪೊಯ್ಯೆ, ಆ ಕಡೆಗೆ ಅಂಚಿ. ಹೇಳುತ್ತಾ ಹೇಳುತ್ತಾ ಅವನ ಎದೆ ಅಗಲವಾಯಿತು. ಮಗಳಿಗೆ ತಾನು ಪಾಠ ಹೇಳಿಕೊಡುವ ದಿನವೂ ಬರುತ್ತದೆ ಎಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ. ಅವನು ಓದಿದ್ದು ನಾಲ್ಕನೇ ಕ್ಲಾಸು.

"ಇನ್ನೊಂದ ಐತಿ, 'ಬಲೆ ಬಲೆ' ಅಂತ. ಮಾಲಕರ ಕಾರು ಬಂದ ಕೂಡ್ಲೆ ಮೇಸ್ತ್ರಿ 'ಬಲೆ ಬಲೆ' ಅಂತ ಓಡ್ತಾನ. ಅದನ್ನ ಬರೀಬ್ಯಾಡ, ಅದು ನಮ್ಮ ಮಾತಲ್ಲ."

"ಹಂಗಂದ್ರೇನು?"

"ಯಾರಿಗ್ಗೊತ್ತು. ಮಾಲಕರದು ಮಲ್ಪೆದಾಗ ಬೋಟು ಐತಿ. ಮೀನದ ಬಲೆ ಮಾತಿರಬೇಕು. ಅದು ಕೇಳಿದ್ರ ನಾವು ತಲಿಮ್ಯಾಗಿನ ವಸ್ತ್ರ ತಗದು ಬಾಜೂಕ ಸರೀತೀವಿ, ಅಷ್ಟ."

ಸರಿ ಎಂದು ಮಹಾಲಕ್ಷ್ಮಿ ಅದನ್ನು ಬಿಟ್ಟಳು. ಕೊನೆಗೆ ಎಣಿಸಿದರೆ ಮೂವತ್ತೊಂದು ಶಬ್ದ! ಒಂದೇ ಸಂಜೆಗೆ ಮೂವತ್ತೊಂದು! ಏಳು ದಿನವಿದೆ. ಹೀಗೇ ಹೋದರೆ ಜಿತೇಂದ್ರ ಸರ್‌ಗೇ ತಾನು ಪಾಠ ಮಾಡಬಹುದು ಎಂದು ಅವಳಿಗೆ ಅನ್ನಿಸಿತು. ಮಳೆಯ ಮೇಲಿನ ಸಿಟ್ಟು ಅರ್ಧ ಇಳಿಯಿತು.

ಮಂಗಳವಾರ ಬೆಳಿಗ್ಗೆ ಅವಳು ಕೋಣೆಯನ್ನೇ ಶಾಲೆ ಮಾಡಿದಳು. ಸಾರಣೆಯಾಗದ ಗೋಡೆಯಂಥ ಕರಿಹಲಗೆ ಯಾವ ಶಾಲೆಯಲ್ಲಿದೆ? ಸೀಮೆಸುಣ್ಣದಲ್ಲಿ ಒಂದೊಂದು ಸಿಮೆಂಟ್ ಬ್ಲಾಕಿನ ಮೇಲೆ ಒಂದೊಂದು ಶಬ್ದ ಬರೆದಳು. ನೀರಿನ ಕೊಡದ ಹಿಂದೆ 'ನೀರ್', ಟಾರ್ಪಾಲಿನ ಪಕ್ಕ 'ಬಾಕಿಲ್', ಒಲೆಯ ಮೇಲೆ 'ಸೂ', ಅನ್ನದ ಪಾತ್ರೆಯ ಮೇಲೆ 'ನುಪ್ಪು'. ಅಪ್ಪ ಹೇಳದ್ದನ್ನು ಪಾಠಪುಸ್ತಕದಿಂದ ತೆಗೆದಳು. ಮಳೆ ಜೋರಾಗಿ ಹೊಡೆಯುವಾಗ ಮಾತು ಕೇಳಿಸುವುದಿಲ್ಲ, ಆಗ ಬರೆಯುವುದು. ಮಳೆ ಸ್ವಲ್ಪ ಬಿಟ್ಟಾಗ ಗಟ್ಟಿಯಾಗಿ ಹೇಳುವುದು. ಮತ್ತೆ ಮಳೆ ಬಂದರೆ, ಹೇಳಿದ್ದನ್ನು ಗೋಡೆ ನೋಡದೆ ಬರೆಯುವುದು. ಆಷಾಢದ ಮಳೆಯಾದ್ದರಿಂದ ಗಂಟೆಗೆ ಮೂರು ಸಲ ಪಾಠ ಬದಲಾಯಿತು. ಬೇಸರವಾಗಲು ಪುರುಸೊತ್ತೇ ಇರಲಿಲ್ಲ.

ಸಂಜೆ ಕಲಿತದ್ದನ್ನೆಲ್ಲ ಅವ್ವನಿಗೆ ಕಲಿಸುವುದು. ಯಂಕವ್ವ ರೊಟ್ಟಿ ತಟ್ಟುತ್ತಾ ಕಿವಿ ಕೊಡುತ್ತಿದ್ದಳು.

"ಅವ್ವಾ, ತುಳುವಿನ್ಯಾಗ ನೀನು ಅಪ್ಪೆ."

"ಏನಂದಿ?"

"ಅಪ್ಪೆ ಅಂದ್ರ ಅವ್ವ. ಅಮ್ಮೆ ಅಂದ್ರ ಅಪ್ಪ."

ಯಂಕವ್ವನ ಕೈಯಲ್ಲಿ ರೊಟ್ಟಿ ಹಾಗೇ ನಿಂತಿತು. "ನಾ ಅಪ್ಪ ಆದ್ನಾ? ಈತ ಅಮ್ಮ ಆದ್ನಾ?" ಎಂದು ಗಂಡನ ಕಡೆ ನೋಡಿ ನಗಲು ಶುರುಮಾಡಿದವಳು ರೊಟ್ಟಿ ಸೀದು ಹೋಗುವ ತನಕ ನಕ್ಕಳು. "ಏ ಅಮ್ಮೆ, ಉಣ್ಣಾಕ ಬಾ" ಎಂದು ಅವತ್ತು ಮಾನಪ್ಪನನ್ನು ಕರೆದಳು. ಮಾನಪ್ಪ ಮುನಿಸಿಕೊಂಡ ಹಾಗೆ ಮಾಡಿ, ಎರಡು ರೊಟ್ಟಿ ಹೆಚ್ಚಿಗೆ ತಿಂದ.

ರಜೆ ಒಂದು ದಿನಕ್ಕೆ ನಿಲ್ಲಲಿಲ್ಲ. ಬುಧವಾರಕ್ಕೂ ಬಂತು, ಗುರುವಾರಕ್ಕೂ ಬಂತು, ಹೀಗೇ ಶನಿವಾರದ ತನಕ ಬಂತು. ದಿನಾ ಸಂಜೆ ಫೋನು ಕಿಣಿ ಎಂದರೆ ಮಹಾಲಕ್ಷ್ಮಿಗೆ ಈಗ ಸಿಟ್ಟು ಬರುತ್ತಿರಲಿಲ್ಲ. ಬರಲಿ, ಇನ್ನೊಂದು ದಿನ ಸಿಕ್ಕಿತು! ಶಬ್ದಗಳು ನೂರು ದಾಟಿದ್ದವು. ಅವಳು ಅವನ್ನು ಪೋಣಿಸಿ ವಾಕ್ಯ ಮಾಡುತ್ತಿದ್ದಳು. ಅಪ್ಪ ಹೇಳಿದ ಶಬ್ದ ಅವಳ ನಾಲಿಗೆಗೆ ಎಷ್ಟು ಒಗ್ಗಿತ್ತೆಂದರೆ, ನಾಯಿಯೊಂದು ಟಾರ್ಪಾಲಿನ ಒಳಗೆ ಮೂತಿ ಹಾಕಿದಾಗ ಅವಳ ಬಾಯಿಯಿಂದ ತಾನಾಗಿ "ಪೋಲ!" ಎಂದು ಬಂತು. ನಾಯಿ ಹೋಯಿತು. ನಾಯಿಗೆ ಅರ್ಥವಾಯಿತೆಂದರೆ ತನ್ನ ತುಳು ಸರಿಯಿದೆ ಎಂದೇ ಅಲ್ಲವೇ?

ಗುರುವಾರ ಒಳಗಿನ ಸಾರಣೆ ಕೆಲಸ ನೋಡಲು ಮುದ್ದಣ್ಣ ಮೇಸ್ತ್ರಿ ಎಲ್ಲೂರಿನಿಂದ ಬಸ್ಸು ಹಿಡಿದು ಬಂದರು. ಕಟ್ಟಡದ ಕೆಲಸಗಾರರೆಲ್ಲ ನಡುಗುವ ಮೇಸ್ತ್ರಿ ಅವರು. ಗಂಟಲು ಎರಡು ಮಹಡಿ ಆಚೆಗೆ ಕೇಳಿಸುವಂಥದ್ದು. ಮಹಾಲಕ್ಷ್ಮಿ ಮೆಟ್ಟಿಲಿನ ಬುಡದಲ್ಲಿ ಕಾದಿದ್ದು, ಸೊಂಟಕ್ಕೆ ಕೈ ಕೊಟ್ಟು, ಧೈರ್ಯವಾಗಿ ಹೇಳಿದಳು: "ಮುದ್ದಣ್ಣ, ಬೇಗ ಬಲ! ಕಲ್ಲ್ ದೆರ್ಪುಲ! ಅಂಚಿ ದೀಲ!"

ಮೇಸ್ತ್ರಿ ಬಗ್ಗಿ ಒಂದು ಕಲ್ಲು ಎತ್ತಿಯೇಬಿಟ್ಟರು. ಎತ್ತಿದ ಮೇಲೆ ತಾನೇನು ಮಾಡಿದೆ ಎಂದು ಹೊಳೆದು, ಕಲ್ಲು ಹಿಡಿದುಕೊಂಡೇ ಹೊಟ್ಟೆ ಕುಲುಕಿ ನಕ್ಕರು. "ಎಂತ ಮಾರಾಯ್ತಿ, ನನ್ನ ಕೆಲಸಕ್ಕೇ ಕಲ್ಲು ಹಾಕಿದೆಯಲ್ಲ! ಒಳ್ಳೆ ತುಳು ಉಂಟು ನಿನ್ನದು. ಥೇಟ್ ನನ್ನ ಹಾಗೇ ಮಾತಾಡ್ತಿ."

ಮೇಸ್ತ್ರಿಯಿಂದ ಸರ್ಟಿಫಿಕೇಟ್ ಸಿಕ್ಕಿತು! ಅವಳು ಹಾರಿ ಹಾರಿ ಕೋಣೆಗೆ ಓಡಿದಳು. ಇನ್ನು ಉಳಿದದ್ದು ಒಂದೇ, ಸರಿಯಾದ ಒಂದು ತುಳು ಮನೆಗೆ ಹೋಗಿ ಮಾತಾಡಿ ನೋಡುವುದು.

ಆ ಮನೆ ಪಕ್ಕದಲ್ಲೇ ಇತ್ತು. ವಿನೋದಕ್ಕನ ಮನೆ. ಬಜಗೋಳಿಯಿಂದ ಮದುವೆಯಾಗಿ ಬಂದು ಇಪ್ಪತ್ತೈದು ವರ್ಷದಿಂದ ಜಗಲಿಯಲ್ಲಿ ಮಿಷನ್ ಇಟ್ಟು ರವಿಕೆ ಹೊಲಿಯುತ್ತಿದ್ದವರು. ಕಟ್ಟಡ ಶುರುವಾದಂದಿನಿಂದ ಸಿಮೆಂಟಿನ ಧೂಳು ಅವರ ಗಿರಾಕಿಗಳ ರೇಷ್ಮೆ ಬಟ್ಟೆಗಳ ಮೇಲೆ ಕೂರುತ್ತಿತ್ತು. ಅದಕ್ಕೆ ಆ ಕಡೆಯಿಂದ ಯಾರು ಬಂದರೂ ಅವರ ಹುಬ್ಬು ಗಂಟಿಕ್ಕುತ್ತಿತ್ತು. ಮಹಾಲಕ್ಷ್ಮಿಗೆ ಇದು ಗೊತ್ತಿರಲಿಲ್ಲ. ಶುಕ್ರವಾರ ಬೆಳಿಗ್ಗೆ, ಅಂಚು ಬಿಚ್ಚಿದ ಸಮವಸ್ತ್ರದ ಸ್ಕರ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟುಕೊಂಡು, ಕೊಡೆ ಹಿಡಿದು, ಗೇಟಿನ ಬಳಿ ನಿಂತು ಇಡೀ ಕಡಿಯಾಳಿಗೆ ಕೇಳುವ ಹಾಗೆ ಕೂಗಿದಳು:

"ವಿನೋದಕ್ಕಾ, ಬಲ! ಬೇಗ ಬಲ! ಬಾಕಿಲ್ ದೆಪ್ಪುಲ!" ಬಾಗಿಲು ತೆಗೆ ಎಂದು.

ಮಿಷನ್ನಿನ ಸದ್ದು ನಿಂತಿತು. ವಿನೋದಕ್ಕ ಕನ್ನಡಕದ ಮೇಲಿನಿಂದ ನೋಡಿದರು. ಎದ್ದು ಬಂದರು. ಮುಖ ಕೆಂಪಾಗಿತ್ತು.

"ಯಾರ ಹತ್ತಿರ ಮಾತಾಡ್ತಾ ಇದ್ದಿ ನೀನು?"

"ನಿಮ್ಮ ಹತ್ರಾನೇ. ತುಳು ಕಲಿತಿದೀನಿ."

"ಇದು ತುಳುವಾ? ನಾನೆಂತ ನಿನ್ನ ಮನೆಯ ಕೆಲಸದವಳಾ? ನಿನಗಿಂತ ನಲವತ್ತು ವರ್ಷ ದೊಡ್ಡವಳು ನಾನು. 'ಬಲ' ಅಂತೆ, ಬೇಗ ಬರಬೇಕಂತೆ! ಯಾರು ಕಲಿಸಿದ್ದು ನಿನಗೆ ಇದನ್ನು?"

ಮಹಾಲಕ್ಷ್ಮಿಯ ಕೊಡೆ ಒಂದು ಕಡೆಗೆ ವಾಲಿತು. ಐದು ದಿನ ಕಷ್ಟಪಟ್ಟು ಗೋಡೆ ತುಂಬ ಬರೆದದ್ದು, ಅವ್ವನಿಗೆ ಕಲಿಸಿದ್ದು, ಮೇಸ್ತ್ರಿ ನಕ್ಕದ್ದು, ಎಲ್ಲ ಒಟ್ಟಿಗೆ ತಲೆಗೆ ಬಂತು. ಓ, ಮೇಸ್ತ್ರಿ ನಕ್ಕದ್ದು ಅದಕ್ಕೇ! ಸೋಮವಾರ ಇದನ್ನೇ ಜಿತೇಂದ್ರ ಸರ್‌ಗೆ ಹೇಳಿದ್ದರೆ? ಎಲ್ಲ ಮಕ್ಕಳ ಎದುರು? ಅಳು ಬಂತು, ನುಂಗಿದಳು. ಚೀಲದಿಂದ ನೋಟುಬುಕ್ಕು ತೆಗೆದು ಗೇಟಿನ ಮೇಲಿನಿಂದ ಚಾಚಿದಳು. "ಅಪ್ಪ ಕಲಿಸಿದ್ದು. ತಪ್ಪಿದ್ರೆ ನೀವು ತಿದ್ದಿಕೊಡಿ."

ವಿನೋದಕ್ಕ ಪುಟ ತಿರುವಿದರು. ಮೊದಲು ಬೇಗಬೇಗ, ಆಮೇಲೆ ನಿಧಾನ. ಎತ್ತು, ಇಡು, ಹಿಡಿ, ಎಳೆ, ಹೋಗು, ಬೇಗ ಬಾ. ಅವರ ಬೆರಳು ಮೂವತ್ತೊಂದನೆಯ ಶಬ್ದದ ತನಕ ಇಳಿದು, ಮತ್ತೆ ಮೇಲೆ ಹೋಗಿ ಏನನ್ನೋ ಹುಡುಕಿತು.

"ಇದರಲ್ಲಿ 'ಕೂತುಕೋ' ಅಂತ ಇಲ್ಲವಲ್ಲ," ಎಂದರು.

"ಅಪ್ಪ ಅದನ್ನ ಹೇಳಲಿಲ್ಲ."

"ನೀರು ಕುಡಿ ಅಂತ ಇಲ್ಲ. ಊಟ ಮಾಡು ಅಂತ ಇಲ್ಲ. ಎಷ್ಟು ವರ್ಷ ಆಯ್ತು ನಿನ್ನ ಅಪ್ಪ ಈ ಊರಿಗೆ ಬಂದು?"

"ಆರು."

ವಿನೋದಕ್ಕ ನೋಟುಬುಕ್ಕು ಮುಚ್ಚಿದರು. ಅವರ ಸಿಟ್ಟೆಲ್ಲ ಎಲ್ಲಿ ಹೋಯಿತೋ, ಅದರ ಜಾಗದಲ್ಲಿ ನಾಚಿಕೆ ಬಂದು ಕುಳಿತಿತ್ತು. ಅವರೂ ಈ ಐದು ತಿಂಗಳಲ್ಲಿ ಗೇಟಿನ ಆಚೆಯಿಂದ ಮಾನಪ್ಪನಿಗೆ ಹೇಳಿದ್ದು ಎರಡೇ ಮಾತು, ಮರಳು ಅತ್ತ ಹಾಕು, ನೀರು ಇತ್ತ ಬಿಡಬೇಡ. ಅವರು ಚಿಲಕ ತೆಗೆದು ಗೇಟನ್ನು ಪೂರ್ತಿ ತೆರೆದರು.

"ಬಾ ಒಳಗೆ. ಪೆನ್ಸಿಲ್ ಉಂಟಾ?"

ಜಗಲಿಯಲ್ಲಿ ಕೂರಿಸಿ, ಮೊದಲು ಒಂದು ಲೋಟ ನೀರು, ಜೊತೆಗೆ ಒಂದು ತುಂಡು ಬೆಲ್ಲ ತಂದಿಟ್ಟರು. ನಮ್ಮಲ್ಲಿ ಮನೆಗೆ ಬಂದವರಿಗೆ ಮೊದಲು ಇದು, ಆಮೇಲೆ ಮಾತು ಎಂದರು. ನಂತರ ನೋಟುಬುಕ್ಕಿನ ಮೊದಲ ಶಬ್ದದ ಮೇಲೆ ಬೆರಳಿಟ್ಟರು.

"ನಿನ್ನ ಅಪ್ಪ ಹೇಳಿದ್ದು ಸುಳ್ಳಲ್ಲ ಮಗಾ. ಎಲ್ಲ ಸರಿಯಾದ ತುಳುವೇ. ಆದರೆ ಇದು ಸಣ್ಣವರಿಗೆ, ಗೆಳತಿಯರಿಗೆ, ಮತ್ತೆ ಕೆಲಸದವರಿಗೆ ಹೇಳುವುದು. ಹಿರಿಯರಿಗೆ, ಮನೆಗೆ ಬಂದವರಿಗೆ ಹೇಳಬೇಕಾದರೆ ಈ ಕೊನೆಯ 'ಲ' ಉಂಟಲ್ಲ, ಅದಕ್ಕೆ ಒಂದು ಎತ್ವ ಕೊಡು."

"ಲ ಎತ್ವ ಲೆ," ಎಂದಳು ಮಹಾಲಕ್ಷ್ಮಿ, ಒಂದನೇ ಕ್ಲಾಸಿನ ಕಾಗುಣಿತದ ರಾಗದಲ್ಲಿ.

"ಹಾಂ. ಈಗ ಓದು."

"ಬಲೆ."

ಅವಳು ಕುಳಿತಲ್ಲಿಂದ ಅರ್ಧ ಎದ್ದಳು. ಬಲೆ! ಮೀನಿನ ಬಲೆಯೂ ಅಲ್ಲ, ಬೋಟೂ ಅಲ್ಲ! ಬನ್ನಿ ಎಂದು! ಮೇಸ್ತ್ರಿ ಮಾಲಕರಿಗೆ ಹೇಳುತ್ತಿದ್ದದ್ದು ಬನ್ನಿ ಬನ್ನಿ ಎಂದು! ಕನಲ, ಕನಲೆ. ದೀಲ, ದೀಲೆ. ತೂಲ, ತೂಲೆ. ಐದು ದಿನದ ಓದು ನೀರಿಗೆ ಬಿದ್ದಿರಲಿಲ್ಲ. ಒಂದು ಗೀಟು ಹಾಕಿದರೆ ಸಾಕು, ಅಷ್ಟೂ ಶಬ್ದ ಎದ್ದು ನಿಂತು ಕೈ ಮುಗಿಯುತ್ತಿದ್ದವು. ಅವಳು ನಗುತ್ತಾ ಪೆನ್ಸಿಲನ್ನು ಎಷ್ಟು ಒತ್ತಿ ಎತ್ವ ಎಳೆದಳೆಂದರೆ ಎರಡು ಕಡೆ ಹಾಳೆ ಹರಿಯಿತು.

ಮೂವತ್ತೊಂದು ಮುಗಿದ ಮೇಲೆ ವಿನೋದಕ್ಕ ಹೊಸ ಪುಟದಲ್ಲಿ ತಾವೇ ಮೂರು ಶಬ್ದ ಬರೆದುಕೊಟ್ಟರು. ಕುಲ್ಲುಲೆ, ಕುಳಿತುಕೊಳ್ಳಿ. ಪರ್ಲೆ, ಕುಡಿಯಿರಿ. ವಣಸ್ ಮಲ್ಪುಲೆ, ಊಟ ಮಾಡಿ.

"ಇದನ್ನು ಬಾಯಿಪಾಠ ಮಾಡಬೇಡ. ಆಡಿ ಕಲಿ," ಎಂದು ಮಿಷನ್ನಿಗೆ ಹೊದಿಕೆ ಹಾಕಿ ಎದ್ದರು. ಸೆರಗು ಸರಿಮಾಡಿಕೊಂಡು ಮಳೆಯಲ್ಲೇ ಗೇಟಿನ ಆಚೆ ಹೋಗಿ ನೆಂಟರಾಗಿ ಬಂದರು. ಮಹಾಲಕ್ಷ್ಮಿ ಮನೆಯವಳಾದಳು. ಆಮೇಲೆ ಇವಳು ನೆಂಟಳು, ಅವರು ಮನೆಯವರು. ಶುಕ್ರವಾರ ಆರು ಸಲ, ಶನಿವಾರ ಹತ್ತು ಸಲ. ಒಮ್ಮೆ ವಿನೋದಕ್ಕ ಮುನಿಸಿಕೊಂಡ ನೆಂಟರಾದರು, ಒಮ್ಮೆ ಕಿವಿ ಕೇಳದ ನೆಂಟರಾದರು, ಒಮ್ಮೆ ನೀರು ಬೇಡ ಚಹಾ ಬೇಕು ಎಂದು ಹಟ ಮಾಡುವ ನೆಂಟರಾದರು. ಅವರಿಗೂ ಮೈಮೇಲೆ ಹುರುಪು ಬಂದು, ಮದುವೆಗೆ ಕೊಡಬೇಕಾದ ಎರಡು ರವಿಕೆ ಹಾಗೇ ಉಳಿದವು. ಮಹಾಲಕ್ಷ್ಮಿ ಎರಡೇ ದಿನದಲ್ಲಿ ಅರ್ಧ ಅಚ್ಚು ಬೆಲ್ಲ ಖಾಲಿ ಮಾಡಿದಳು. ನಾಲಿಗೆ ಮಾತ್ರ ನಡುನಡುವೆ ಜಾರಿ "ಬಲ" ಎನ್ನುತ್ತಿತ್ತು. ಐದು ದಿನ ಗಟ್ಟಿ ಮಾಡಿದ ಶಬ್ದ ಅಷ್ಟು ಸುಲಭಕ್ಕೆ ಬಿಡುತ್ತದೆಯೇ?

ಕೋಣೆಗೆ ಬಂದು ಅವಳು ಗೋಡೆಯ ಮೇಲಿನ ಪ್ರತಿಯೊಂದು 'ಲ'ಕ್ಕೂ ಕೆಂಪುಕಲ್ಲಿನ ಚೂರಿನಿಂದ ಎತ್ವ ಹಾಕಿದಳು. ಭಾನುವಾರ ಮಾನಪ್ಪ ಅದನ್ನು ನೋಡಿದ.

"ಇದೇನವಾ, ನಾ ಹೇಳಿದ್ದಕ್ಕೆಲ್ಲ ಕೊಂಬು ಹಚ್ಚೀ? ತಪ್ಪಿತ್ತೇನು ನಂದು?"

ಅವಳು ಅಪ್ಪನ ಮುಖ ನೋಡಿದಳು. ಮೂವತ್ತೊಂದು ಶಬ್ದ ಹೇಳಿಕೊಟ್ಟ ಸಂಜೆ ಆ ಮುಖ ಹೇಗೆ ಬೆಳಗಿತ್ತೆಂದು ಅವಳಿಗೆ ಚೆನ್ನಾಗಿ ನೆನಪಿತ್ತು. "ತಪ್ಪಿಲ್ಲಪ್ಪಾ. ನಿಂದಽ ಎಲ್ಲಾ. ನಾಳೆ ಸಾಲಿಗೆ ಬಾ, ಗೊತ್ತಾಗ್ತೈತಿ."

ಆ ಸಂಜೆ ಇಡೀ ಜಿಲ್ಲೆಯ ಮಕ್ಕಳು ಇನ್ನೊಂದು ರಜೆಗಾಗಿ ಫೋನು ನೋಡುತ್ತಿದ್ದರೆ, ಮಹಾಲಕ್ಷ್ಮಿ ರಜೆ ಬರದಿರಲಿ ಎಂದು ಕಡಿಯಾಳಿಯ ಅಮ್ಮನಿಗೆ ಹರಕೆ ಹೊತ್ತು ಕುಳಿತಳು. ಏಳು ಗಂಟೆಯಾಯಿತು, ಎಂಟಾಯಿತು. ಫೋನು ಸದ್ದು ಮಾಡಲಿಲ್ಲ. ಅವಳು ಟಾರ್ಪಾಲು ಸರಿಸಿ ಹೊರಗೆ ಹೋಗಿ, ತೂರಾಡುವ ಸೋನೆ ಮಳೆಯಲ್ಲಿ ಒಂದು ಸುತ್ತು ಕುಣಿದು ಬಂದಳು.

ಸೋಮವಾರ ಎರಡನೇ ಪಿರಿಯಡ್. ತುಳು ಕ್ಲಾಸಿನಲ್ಲಿ ಹದಿನೆಂಟು ಮಕ್ಕಳು. ಮಾನಪ್ಪ ಸಹಿಗಾಗಿ ಬಂದವನು ಒಳಗೆ ಬರಲು ಅಂಜಿ, ತಲೆಗೆ ಸುತ್ತಿದ ಒದ್ದೆ ಟವೆಲ್ಲಿನೊಂದಿಗೆ ಬಾಗಿಲಿನ ಆಚೆಯೇ ನಿಂತಿದ್ದ. ಜಿತೇಂದ್ರ ಸರ್ ಮೇಜಿನ ಪಕ್ಕ ಒಂದು ಕುರ್ಚಿ ಎಳೆದಿಟ್ಟು, "ಇದು ನಿನ್ನ ಮನೆ ಅಂತ ಎಣಿಸಿಕೋ. ಭವ್ಯಶ್ರೀ, ನೀನು ನೆಂಟರು" ಎಂದವರು ಬಾಗಿಲ ಕಡೆ ನೋಡಿ ನಿಲ್ಲಿಸಿದರು. "ಬೇಡ ಭವ್ಯಶ್ರೀ, ಕೂತುಕೋ. ನೆಂಟರು ನಿಜವಾಗಿಯೇ ಬಂದು ನಿಂತಿದ್ದಾರಲ್ಲ! ಹೋಗು ಮಹಾಲಕ್ಷ್ಮಿ, ಅವರನ್ನೇ ಕರೆ."

ವಿನೋದಕ್ಕ ಎಷ್ಟೋ ಬಗೆಯ ನೆಂಟರಾಗಿ ಬಂದಿದ್ದರು. ಅಪ್ಪನಾಗಿ ಮಾತ್ರ ಬಂದಿರಲಿಲ್ಲ. ಪ್ರಣೀತಾ ಮೊದಲ ಬೆಂಚಿನಲ್ಲಿ ಉಗುರು ಕಚ್ಚುತ್ತಿದ್ದಳು. ಮಹಾಲಕ್ಷ್ಮಿ ಬಾಗಿಲಿಗೆ ಹೋಗಿ ಬಾಯಿ ತೆರೆದಳು. "ಬಲ" ಎಂಬುದು ನಾಲಿಗೆಯ ತುದಿಗೆ ಬಂದುಬಿಟ್ಟಿತ್ತು. ಅವಳು ಅದನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಳು. ಕಣ್ಣೆದುರು ಕೆಂಪುಕಲ್ಲಿನ ಎತ್ವ ಬಂತು.

"ಬಲೆ!" ಎಂದಳು. "ಬಲೆ, ಬಲೆ! ಉಲಾಯಿ ಬಲೆ!" ಒಳಗೆ ಬನ್ನಿ ಎಂದು.

ಮಾನಪ್ಪ ಗಡಬಡಿಸಿ ತಲೆಯ ಟವೆಲ್ ಕಿತ್ತು ಕಂಕುಳಿಗಿಟ್ಟ. ಬಾಗಿಲಿನಿಂದ ಬದಿಗೆ ಸರಿದು, ಗೋಡೆಗೆ ಬೆನ್ನು ಹಚ್ಚಿ ದಾರಿ ಬಿಟ್ಟ. ಆಮೇಲೆ ಹಿಂದಕ್ಕೆ ತಿರುಗಿ ಕಾರಿಡಾರಿನಲ್ಲಿ ಯಾರು ದೊಡ್ಡವರು ಬರುತ್ತಿದ್ದಾರೆಂದು ನೋಡಿದ. ಕಾರಿಡಾರು ಖಾಲಿ ಇತ್ತು.

ಹಿಂದಿನ ಬೆಂಚಿನಲ್ಲಿ ಒಂದಿಬ್ಬರು ಕಿಸಕ್ಕೆಂದರು. ಮಹಾಲಕ್ಷ್ಮಿಗೆ ನಗು ಬರಲಿಲ್ಲ. ಅಪ್ಪ ಯಾಕೆ ಸರಿದ ಎಂದು ಆ ಕೋಣೆಯಲ್ಲಿ ಗೊತ್ತಿದ್ದದ್ದು ಅವಳಿಗೊಬ್ಬಳಿಗೇ. ಅವಳು ಹೊರಗೆ ಹೋಗಿ ಅವನ ಕೈ ಹಿಡಿದಳು.

"ಅಪ್ಪಾ, ಮಾಲಕರು ಬಂದಿಲ್ಲ. ನಿನಗಽ ಅಂದಿದ್ದು. ಹಂಗಂದ್ರ ಬರ್ರಿ ಅಂತ."

"ನನಗ?" ಎಂದ ಮಾನಪ್ಪ.

"ಹೂಂ, ನಿನಗ. ಬಲೆ."

ಕೈ ಹಿಡಿದು ಒಳಗೆ ಕರೆತಂದಳು. "ಕುಲ್ಲುಲೆ" ಎಂದು ಕುರ್ಚಿ ತೋರಿಸಿದಳು. ಅವನು ಕುರ್ಚಿಯ ತುದಿಯಲ್ಲಿ, ಯಾವ ಗಳಿಗೆಯಲ್ಲೂ ಏಳಬಹುದಾದ ಹಾಗೆ ಕುಳಿತ. ಅವಳು ಚೀಲದಿಂದ ನೀರಿನ ಬಾಟಲಿ, ವಿನೋದಕ್ಕ ಕಾಗದದಲ್ಲಿ ಸುತ್ತಿ ಕೊಟ್ಟ ಬೆಲ್ಲದ ತುಂಡು ತೆಗೆದಳು. "ನೀರ್ ಪರ್ಲೆ. ಎಂಚ ಉಲ್ಲರ್?" ಎಂದು ಕ್ಷೇಮ ಕೇಳಿ, ಸರ್ ಕಡೆ ತಿರುಗಿ ಉಸಿರು ಬಿಡದೆ ಹೇಳಿದಳು: "ಮೇರ್ ಎನ್ನ ಅಮ್ಮೆ." ಇವರು ನನ್ನ ತಂದೆ.

ಮಾನಪ್ಪ ಬೆಲ್ಲ ಬಾಯಿಗೆ ಹಾಕಿಕೊಂಡು ನೀರು ಕುಡಿದ. ಜಿತೇಂದ್ರ ಸರ್ ಮೆಲ್ಲಗೆ, "ನೆಂಟರೂ ಒಂದು ಮಾತು ಆಡಬೇಕಲ್ಲ. ನಿಮಗೆ ತುಳು ಬರ್ತದಾ ಮಾನಪ್ಪಣ್ಣ?" ಎಂದರು.

"ಬರತೈತ್ರಿ," ಎಂದ ಮಾನಪ್ಪ ಅಭಿಮಾನದಿಂದ. ಅಂದುಬಿಟ್ಟ ಮೇಲೆ ಯೋಚನೆಗೆ ಬಿದ್ದ. ಮೂವತ್ತೊಂದು ಶಬ್ದಗಳಲ್ಲಿ ನೆಂಟನಾದವನು ಹೇಳುವಂಥದ್ದು ಯಾವುದು? ಎತ್ತು, ಇಡು, ಎಳೆ, ಯಾವುದೂ ಹೊಂದಲಿಲ್ಲ. ಖಾಲಿ ಬಾಟಲಿಯನ್ನು ಮಗಳ ಕಡೆ ಚಾಚಿ, "ನೀರ್ ಕನಲ" ಎಂದ. ಎಂದವನು ನಿಂತ. ಕೋಣೆಯ ಗೋಡೆಯ ಮೇಲೆ ಮಗಳು ಹಚ್ಚಿದ ಕೊಂಬು ಅವನಿಗೆ ಈಗ ಹೊಳೆಯಿತು. ಅವಳನ್ನೇ ನೋಡುತ್ತಾ, ನಿಧಾನವಾಗಿ, ಇಟ್ಟಿಗೆಯ ಮೇಲೆ ಇಟ್ಟಿಗೆ ಇಡುವ ಜೋಪಾನದಲ್ಲಿ ತಿದ್ದಿ ಹೇಳಿದ: "ಕನ... ಲೆ. ಕನಲೆ."

ತಂದೆ ಮಗಳಿಗೆ ಬಹುವಚನ ಹೇಳಿದ್ದು ಕೇಳಿ ಕ್ಲಾಸಿಗೆ ಕ್ಲಾಸೇ ಗೊಳ್ಳೆಂದು ನಕ್ಕಿತು. ಪ್ರಣೀತಾ ಬೆಂಚು ಬಡಿದಳು. ಮಹಾಲಕ್ಷ್ಮಿ ನಗುತ್ತಿದ್ದಳು, ಕೆನ್ನೆ ಒದ್ದೆಯಾಗಿತ್ತು. ಈ ನಗು ಯಾಕೆಂದು ಅವಳಿಗೆ ಪೂರ್ತಿಯಾಗಿ ಗೊತ್ತಿತ್ತು. ಮಾನಪ್ಪನೂ ನಕ್ಕ.

ಜಿತೇಂದ್ರ ಸರ್ ಫಾರ್ಮ್ ತೆಗೆದು, ಮೂರನೆಯ ಭಾಷೆ ಎಂಬಲ್ಲಿ 'ತುಳು' ಎಂದು ದೊಡ್ಡದಾಗಿ ಬರೆದು, "ಇಲ್ಲಿ ಒಂದು ಸಹಿ" ಎಂದರು. ಮಾನಪ್ಪ ಅಭ್ಯಾಸಬಲದಿಂದ ಎದ್ದು ನಿಲ್ಲಲು ಹೊರಟ.

"ಕುಲ್ಲುಲೆ, ಕುಲ್ಲುಲೆ!" ಎಂದಳು ಮಹಾಲಕ್ಷ್ಮಿ. ಅವಳ ಜೊತೆಗೆ ಹಿಂದಿನಿಂದ ಇನ್ನೂ ಹತ್ತು ಗಂಟಲು ಹೇಳಿದವು.

ಅವನು ಕುಳಿತ. ಈ ಸಲ ಬೆನ್ನನ್ನು ಕುರ್ಚಿಗೆ ಒರಗಿಸಿ, ಫಾರ್ಮನ್ನು ಮೊಣಕಾಲಿನ ಮೇಲಿಟ್ಟುಕೊಂಡು, ಕುಳಿತೇ ಸಹಿ ಹಾಕಿದ. ಒಂದೊಂದು ಅಕ್ಷರಕ್ಕೂ ಸಾಕಷ್ಟು ಹೊತ್ತು ತೆಗೆದುಕೊಂಡ. ಯಾರೂ ಅವಸರ ಮಾಡಲಿಲ್ಲ.

ಮಧ್ಯಾಹ್ನ ಊಟದ ಗಂಟೆ ಹೊಡೆಯಿತು. ಮಹಾಲಕ್ಷ್ಮಿ ತಟ್ಟೆ ಹಿಡಿದು ಎಲ್ಲಿ ಕೂರುವುದೆಂದು ನೋಡುತ್ತಿರುವಾಗ ಜಗಲಿಯ ಆ ತುದಿಯಿಂದ ಪ್ರಣೀತಾ ಕೈ ಬೀಸಿದಳು. ಅವಳು ಕನ್ನಡಕ್ಕೆ ಬರಲಿಲ್ಲ, ಸಾಂಬಾರು ಬೇಕಾ ಎಂದು ಕೇಳಲೂ ಇಲ್ಲ.

"ಬಲ ಮಾರಾಯ್ತಿ, ಬೇಗ ಬಲ! ವಣಸ್ ಮಲ್ಪುಗ!"

ಎತ್ವ ಇಲ್ಲದ ಬರೀ 'ಲ'. ಗೆಳತಿಯರಿಗೆ ಹೇಳುವುದು. ಮಹಾಲಕ್ಷ್ಮಿ ತಟ್ಟೆಯ ಅನ್ನ ಚೆಲ್ಲುವುದನ್ನೂ ಲೆಕ್ಕಿಸದೆ ಓಡಿದಳು.